ಪೂರ್ತಿ ತಿರುಗಿದ ಗುಂಡಿ

"ಬಾರ್ಸು" ಎಂದು ಕೂಗಿ, ಭೀಮರಾಯ ಕಿವಿಯನ್ನು ಗೋಡೆಗೆ ಒತ್ತಿ ಹಿಡಿದ.

ಉಸಿರು ಬಿಗಿಹಿಡಿದು ಇಪ್ಪತ್ತರವರೆಗೆ ಎಣಿಸಿದ. ಸುಣ್ಣದ ತಂಪು ಕೆನ್ನೆಗೆ ತಾಗಿತು. ಗೋಡೆಯಾಚೆ ಯಾರೋ ಕೆಮ್ಮಿದ್ದು ಕೇಳಿಸಿತು. ಕುರ್ಚಿ ಸರಿದದ್ದು ಕೇಳಿಸಿತು. ಅಷ್ಟೆ.

"ಬಾರ್ಸಾಕತ್ತಿಯೇನೋ ಪರಪ್ಪಾ?"

"ಬಾರ್ಸಾಕತ್ತೇನ್ರಿ" ಎಂದು ಹವಾಲ್ದಾರನ ದನಿ ಆಚೆಯಿಂದ ಎದುರಿಗೇ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು. "ತಂತಿಗಿ ಬೆರಳ ಕೊಯ್ದಾವ್ರಿ."

"ದೊಡ್ಡ ಗುಂಡಿ ಪೂರ್ತಿ ತಿರುವಿಯೇನು?"

"ಇನ್ನ ತಿರುವಿದ್ರ ಮುರಿತೈತ್ರಿ."

ಭೀಮರಾಯ ಇನ್ನೊಮ್ಮೆ ಕಿವಿಯಿಟ್ಟ. ಮೊರದಲ್ಲಿ ಜೋಳದ ಕಲ್ಲು ಆರಿಸುತ್ತ ಕುಳಿತಿದ್ದ ಕೆಂಪವ್ವ ಅವನನ್ನೇ ನೋಡುತ್ತಿದ್ದಳು. ಆಕೆಯ ಹಿಂದೆ, ನೆಲದ ಮೇಲೆ, ಗಂಡ ಕೆಂಚಪ್ಪ ಕಂಬಳಿಯನ್ನು ತಲೆತುಂಬ ಹೊದ್ದು ಅಲ್ಲಾಡದೆ ಮಲಗಿದ್ದ. ಗೋಕಾಕದ ಗಿರಣಿಯಲ್ಲಿ ಅವನದು ಕಾಯಂ ರಾತ್ರಿ ಪಾಳಿ. ಊರಿಗೆ ಬೆಳಗಾದರೆ ಅವನಿಗೆ ಕತ್ತಲೆ.

"ಏನ್ ಕೇಳಾಕತ್ತೀರಿ ಸಾಹೇಬ್ರ? ಗ್ವಾಡಿ ಏನರ ಹೇಳ್ತೈತೇನು?"

"ಏನೂ ಹೇಳವಲ್ದು, ಕೆಂಪವ್ವಾ. ಅದು ಹೇಳಬಾರದು ಅಂತನ ನಾ ನಿಂತೇನಿ."

"ಶಾಣ್ಯಾರು ನೀವು" ಎಂದು ಆಕೆ ಕಲ್ಲೊಂದನ್ನು ಹೊರಗೆ ಎಸೆದಳು. "ನಾ ಫೌಜದಾರಗ ಹೇಳಿದ್ದ ನಿಮಗೂ ಹೇಳತೇನಿ. ಬಾಜೂ ಖೋಲಿ ಕೇದಾರಿ ತಾಟ ತೊಳದ್ರೂ ನನಗ ಕೇಳ್ತಿತ್ತು. ಹಂತಾದ್ರಾಗ ಆ ಪೆಟ್ಟಿಗಿ ಬಾರ್ಸಿದ್ರ ಕೇಳೂದಿಲ್ಲೇನು? ಯುಗಾದಿ ಮುಂದ ಒಂದ ದಿನಾ ಬಾರ್ಸಿದ್ದ. ಇವ್ರು ನಿದ್ದಿಗಣ್ಣಾಗ ಎದ್ದು ಕುಡಗೋಲ ಹಿಡ್ಕೊಂಡು ಹೊಂಟಿದ್ರು. ನಾನ ಕಾಲ ಹಿಡದು ಕುಂದ್ರಿಸಿದ್ನಿ. ಮರದಿವಸದಿಂದ ಸಪ್ಪಳಿಲ್ಲ. ಬಿಟ್ಟ ಬಿಟ್ಟಾನಂತ ತಿಳಕೊಂಡಿದ್ನಿ."

"ಬಿಟ್ಟಿರ್ಲಿಲ್ಲವ್ವಾ."

ಕಂಬಳಿಯೊಳಗಿನ ದೇಹ ಮಗ್ಗಲು ಬದಲಿಸಿತು. ಕೆಂಪವ್ವ ತುಟಿಯ ಮೇಲೆ ಬೆರಳಿಟ್ಟಳು.

ಆ ಗೋಡೆಯ ಆಚೆ, ಶುಕ್ರವಾರ ಸಂಜೆ ಏಳಕ್ಕೆ, ಮುಂಬಯಿಯಿಂದ ಮರಳಿ ಬಂದಿದ್ದ ಕುಲಗೋಡದ ಗಿಟಾರ್ ವಾದಕ ಕೇದಾರಿ ತನ್ನ ವಾದ್ಯದ ಮೇಲೆಯೇ ಮುಗ್ಗರಿಸಿ ಸತ್ತು ಬಿದ್ದಿರುವುದು ಕಂಡಿತ್ತು. ಹಿಂದಿನಿಂದ ತಲೆಗೆ ಹೊಡೆತ. ಶನಿವಾರ ಬೆಳಿಗ್ಗೆಯೇ ಹುಕ್ಕೇರಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಗಫಾರನನ್ನು ಹಿಡಿದು ತಂದರು. ನಾಳೆ, ಮಂಗಳವಾರ, ಹತ್ತು ಗಂಟೆಗೆ ಅವನನ್ನು ಬೆಳಗಾವಿ ಜೈಲಿಗೆ ಒಯ್ಯುವ ಗಾಡಿ ಬರಲಿತ್ತು.

ಗಫಾರ ಐದಕ್ಕೆ ಮೇಲೆ ಹತ್ತಿದ್ದನ್ನೂ ಐದೂ ಮುಕ್ಕಾಲಿಗೆ ಇಳಿದದ್ದನ್ನೂ ಮೆಟ್ಟಿಲ ಬುಡದ ಚಹದಂಗಡಿಯವನು ನೋಡಿದ್ದ. ಠಾಣೆಯಲ್ಲಿ ಗಫಾರ ಹೇಳಿದ್ದು ಒಂದೇ ಮಾತು: ನಾನು ಹೊರಡುವಾಗ ಅವನು ಬಾರಿಸುತ್ತಿದ್ದ. ಕೆಂಪವ್ವ ಹೇಳಿದ್ದೂ ಒಂದೇ ಮಾತು: ಬಾರಿಸಿಲ್ಲ. ಅವಳಿಗೆ ಸುಳ್ಳು ಹೇಳುವ ಅಗತ್ಯ ಇರಲಿಲ್ಲ. ಹಾಗಾದರೆ ಸುಳ್ಳು ಯಾರದು ಎಂಬುದನ್ನು ಹುಡುಕಲು ಫೌಜದಾರ ಶೆಟ್ಟೆಪ್ಪನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಪಕ್ಕದ ಕೋಣೆಗೆ ಹೋಗಬೇಕಾದರೆ ಬೀದಿಗಿಳಿದು ಇನ್ನೊಂದು ಮೆಟ್ಟಿಲು ಹತ್ತಬೇಕು. ಭೀಮರಾಯ ಹತ್ತುವಾಗ ಆಕಾಶ ಮೋಡ ಕಟ್ಟಿಕೊಂಡು ಹೆಂಚಿಗೆ ತಾಗುವಂತೆ ಇಳಿದಿತ್ತು. ನಾಲ್ಕು ದಿನದಿಂದ ಹೀಗೆಯೇ. ಸುರಿಯದು, ಸರಿಯದು.

ಕೋಣೆಯೊಳಗೆ ಪರಪ್ಪ ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಬೇರೆಯವರ ಕೂಸನ್ನು ಹಿಡಿದವನಂತೆ ಕುಳಿತಿದ್ದ. ಬಾಗಿಲ ಬಳಿ ಫೌಜದಾರ ಬಂದು ನಿಂತಿದ್ದ.

"ರೇಡಿಯೋ ಸಾಹೇಬ್ರ, ಲೈಸನ್ಸ್ ಇಲ್ಲದ ರೇಡಿಯೋಕ್ಕ ಕೇಸ್ ಹಾಕ್ರಿ ಅಂತ ನಿಮ್ಮನ್ನ ಕರಿಸಿದ್ರ, ನೀವು ನಮ್ಮ ಹವಾಲ್ದಾರಗ ಸಂಗೀತ ಕಲಸಾಕತ್ತೀರಲ್ಲ."

"ಕಲಿಯಾಂವ ಅಲ್ರಿ ಇವಾ."

"ಸಾಲ್ಯಾಗ ಮಾಸ್ತರೂ ಹಿಂಗ ಅಂತಿದ್ರು" ಎಂದ ಪರಪ್ಪ, ಗಿಟಾರನ್ನು ಕೆಳಗಿಟ್ಟು ಬೆರಳು ಚೀಪುತ್ತ.

ಭೀಮರಾಯ ಅಂಚೆ ಇಲಾಖೆಯ ರೇಡಿಯೊ ಲೈಸೆನ್ಸ್ ಇನ್‌ಸ್ಪೆಕ್ಟರ್. ಗೋಕಾಕದಿಂದ ಮೂಡಲಗಿಯವರೆಗೆ, ಈ ಕಡೆ ಹುಕ್ಕೇರಿ, ದಡ್ಡಿಯವರೆಗೆ, ಯಾವ ಮನೆಯ ಮೇಲೆ ಏರಿಯಲ್ ತಂತಿ ಇದೆ ಎಂದು ಸೈಕಲ್ ಮೇಲೆ ಕತ್ತೆತ್ತಿಕೊಂಡು ತಿರುಗುವುದು ಅವನ ಕೆಲಸ. ಯುದ್ಧದ ಕಾಲದಲ್ಲಿ ಬರ್ಮಾದಲ್ಲಿ ವಾಯರ್‌ಲೆಸ್ ಸೆಟ್ ಹೊತ್ತು ತಿರುಗಿದ್ದ. ಕಿವಿಯೊಳಗೆ ಮಾತಾಡುತ್ತಿದ್ದ ಮನುಷ್ಯ ಅರ್ಧ ಶಬ್ದಕ್ಕೆ ನಿಂತುಹೋಗುವುದನ್ನು ಅಲ್ಲಿ ಎಷ್ಟೋ ಸಲ ಕೇಳಿದ್ದ. ಆಮೇಲೆ ಅವನು ಮದುವೆಯಾಗಲಿಲ್ಲ, ಹೆಚ್ಚು ಮಾತೂ ಆಡಲಿಲ್ಲ.

ಪಂಚನಾಮೆಯಲ್ಲಿ ಈ ಮೂಲೆಯ ಕಟ್ಟಿಗೆಯ ಪೆಟ್ಟಿಗೆಯನ್ನು 'ಹಳೆಯ ರೇಡಿಯೊ, ಒಂದು, ಲೈಸೆನ್ಸ್ ಇಲ್ಲ' ಎಂದು ಬರೆದಿದ್ದರು. ಅದಕ್ಕಾಗಿ ಬಂದವನು ಹಿಂಬದಿಯ ಹಲಗೆ ಬಿಚ್ಚಿ ನೋಡಿದರೆ ಅದರಲ್ಲಿ ರೇಡಿಯೊ ಇರಲಿಲ್ಲ, ಸ್ಪೀಕರ್ ಒಂದೇ ಇತ್ತು.

"ಫೌಜದಾರ ಸಾಹೇಬ್ರ, ಶನಿವಾರ ನೀವು ಈ ಗಿಟಾರಿನ ಆಂಪ್ಲಿಫಾಯರ್ ಬಾರ್ಸಿ ನೋಡಿದ್ರಂತ."

"ನೋಡಿದ್ವಿ. ಗುಂಡಿ ಹೆಂಗ ಸಿಕ್ಕಿತ್ತೋ ಹಂಗ, ಪೂರ್ತಿ ತಿರುವಿದ್ದ ಇಟ್ಟು. ಎರಡ ಓಣಿ ಮಂದಿ ಹೊರಗ ಬಂದ್ರು."

"ಯಾವ ಸ್ಪೀಕರಿಗಿ ಹಚ್ಚಿದ್ರಿ?"

"ಗಫಾರನ ಅಂಗಡ್ಯಾಗಿನ ಕರ್ಣೆ ತರಿಸಿದ್ವಿ. ಮದವಿಗಿ ಕಟ್ತಾರಲ್ಲ, ಅದು."

"ಇದಕ್ಕ ಯಾಕ ಹಚ್ಚಲಿಲ್ಲ?" ಎಂದು ಭೀಮರಾಯ ಕಟ್ಟಿಗೆಯ ಪೆಟ್ಟಿಗೆಯನ್ನು ತೋರಿಸಿದ.

ಮೈಕ್ ಸೆಟ್ ಎಂದರೆ ಈ ಸೀಮೆಯಲ್ಲಿ ಎಲ್ಲರಿಗೂ ಕಣ್ಣ ಮುಂದೆ ಬರುವುದು ಬೇವಿನ ಮರಕ್ಕೆ ಕಟ್ಟಿದ ತಗಡಿನ ಕರ್ಣೆ. ದನಿ ದೂರ ಹೋಗಲಿ ಎಂದೇ ಅದನ್ನು ಬಾಡಿಗೆಗೆ ತರುವುದು. ಹತ್ತಿರವೇ ಇರಲಿ ಎಂದು ದನಿಗೆ ಯಾರಾದರೂ ಯಂತ್ರ ಕಟ್ಟಿಯಾರು ಎಂಬುದು ಫೌಜದಾರನ ತಲೆಗೆ ಹೊಳೆಯದ್ದರಲ್ಲಿ ಅವನ ತಪ್ಪಿರಲಿಲ್ಲ.

ಭೀಮರಾಯ ಮೊಣಕಾಲೂರಿ ಕುಳಿತು, ಪೆಟ್ಟಿಗೆಯ ಹಿಂದಿನಿಂದ ಸ್ಕ್ರೂಡ್ರೈವರನ್ನು ಒಳಗೆ ಚಾಚಿದ. ಇನ್ನೊಂದು ಕೈಯಿಂದ ಪಕ್ಕದಲ್ಲಿದ್ದ ಸಣ್ಣ ಕರಿಯ ಗುಂಡಿಯನ್ನು ಬಲಕ್ಕೆ ತಿರುಗಿಸಿದ. ಸ್ಕ್ರೂಡ್ರೈವರ್ ಕೈಯಿಂದ ಕಿತ್ತುಕೊಂಡು ಹೋಗಿ ಸ್ಪೀಕರಿನ ಬೆನ್ನಿಗೆ ಟಣ್ಣೆಂದು ಅಂಟಿತು. ಗುಂಡಿಯನ್ನು ಎಡಕ್ಕೆ ತಿರುಗಿಸಿದ. ಸ್ಕ್ರೂಡ್ರೈವರ್ ಜಾರಿ ಕೆಳಗೆ ಬಿತ್ತು.

ಪರಪ್ಪ ಬೆರಳು ಚೀಪುವುದನ್ನು ಬಿಟ್ಟ.

"ಎಲ್ಲಾ ಸ್ಪೀಕರಿನ್ಯಾಗೂ ಒಂದು ಲೋಹಚುಂಬಕ ಇರತೈತ್ರಿ. ಈಗಿನವುಗಳಾಗ ಅದು ಕಾಯಂ. ಇದು ಹಳೇ ಕಾಲದ್ದು. ಕಬ್ಬಿಣಕ್ಕ ತಂತಿ ಸುತ್ತಿ, ತಂತಿಗಿ ಕರೆಂಟ ಕೊಟ್ರ ಅಷ್ಟ ಇದು ಚುಂಬಕ. ಗಫಾರ ನಡುವ ಈ ಸಣ್ಣ ಗುಂಡಿ ಹಾಕ್ಯಾನ. ಕರೆಂಟ ಕಡಿಮಿ ಮಾಡಿದ್ರ ಚುಂಬಕ ಸೊರಗತೈತಿ. ಚುಂಬಕ ಸೊರಗಿದ ಮ್ಯಾಲ ಆಂಪ್ಲಿಫಾಯರ್ ಎಷ್ಟ ಒದರಿದ್ರೂ ಈ ಕಾಗದದ ಪರದೆ ಅಷ್ಟಕ್ಕಷ್ಟ ಅಳ್ಳಾಡತೈತಿ."

"ಇಷ್ಟ ತ್ರಾಸ ಯಾಕ ಬೇಕಿತ್ತು? ದನಿ ಕಡಿಮಿ ಬೇಕಂದ್ರ ದೊಡ್ಡ ಗುಂಡಿನ ಹಿಂದಕ್ಕ ತಿರುವಬೇಕಿತ್ತು."

"ಡೊಳ್ಳ ಮೈಮುರದು ಹೊಡದ್ರ ಏನಂತೈತ್ರಿ?"

"ಡೊಳ್ಳ ಅಂತೈತಿ."

"ಬೆರಳಿಲೆ ತಟ್ಟಿದ್ರ?"

ಶೆಟ್ಟೆಪ್ಪ ಒಂದು ಕ್ಷಣ ಯೋಚಿಸಿದ. "ಡಬ್ಬಿ."

"ಇದೂ ಹಂಗ. ದೊಡ್ಡ ಗುಂಡಿ ಅರ್ಧಕ್ಕ ಇಟ್ರ ಒಳಗಿನ ಗಾಜಿನ ವಾಲ್ವು ಸುಮ್ನ ಕುಂತಿರ್ತಾವ, ದನಿ ಸಪ್ಪಗ ಬರತೈತಿ. ಪೂರ್ತಿ ತಿರುವಿದ್ರ ಅವು ಕಾದು, ದಣದು, ದನಿ ಒಡದು ಬರತೈತಿ. ಆ ಒಡದ ದನಿನ ಕೇದಾರಿಗಿ ಬೇಕಿತ್ತು. ಮುಂಬೈದಾಗ ದೊಡ್ಡ ಹೊಟೇಲಿನ್ಯಾಗ ಹಂಗ ಬಾರ್ಸಿ ಬಂದಾಂವ. ಇಲ್ಲಿ ಬಾಜೂಕ ಕೆಂಚಪ್ಪ ಮಲಗಿರ್ತಾನ. ಅದಕ್ಕ ಈ ಪೆಟ್ಟಿಗಿ."

ಪರಪ್ಪ ಬಾರಿಸಿದಾಗ ಆ ದನಿ ಹೇಗಿತ್ತೆಂದು ಭೀಮರಾಯನಿಗೆ ಗೊತ್ತಿರಲಿಲ್ಲ. ತಾನು ಗೋಡೆಯ ಆಚೆ ಇದ್ದ. ಈಗ ಬಗ್ಗಿ ಒಂದು ತಂತಿ ಮೀಟಿದ. ಸ್ಪೀಕರಿನಿಂದ ಬಂದದ್ದು ಕೋಣೆಯ ಬಾಗಿಲು ದಾಟುವುದೂ ಕಷ್ಟ, ಅಷ್ಟು ಸಣ್ಣದು. ಆದರೆ ಆ ಸಣ್ಣ ದನಿಯೊಳಗೆ ಯಾರೋ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಬಹಳ ದೂರದಿಂದ, ಬಾವಿಯ ತಳದಿಂದ ಕೂಗಿದ ಹಾಗೆ.

ದನಿ ಅಡಗಿದ ಮೇಲೆ ಶೆಟ್ಟೆಪ್ಪ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. ಅವನು ಕೆಟ್ಟವನಲ್ಲ, ಆತುರದವನು.

"ಖರೆ. ಆದ್ರ ಒಂದ ತೊಡಕೈತಿ. ಅವತ್ತ ಈ ಸಣ್ಣ ಗುಂಡಿ ಎಲ್ಲಿತ್ತು? ನಮ್ಮ ಮಂದಿ ಪೆಟ್ಟಿಗಿ ಎತ್ತ್ಯಾರ, ಇಟ್ಟಾರ, ತಿರುವ್ಯಾರ. ಈಗ ನೀವು ಇಟ್ಟ ಜಾಗಾದಾಗ ಕೇಳಲಿಲ್ಲ ಅಂದ್ರ ಅವತ್ತೂ ಕೇಳಲಿಲ್ಲ ಅಂತ ಕೋರ್ಟಿಗಿ ಹೆಂಗ ಹೇಳ್ಲಿ?"

"ಗಫಾರಗ ಗೊತ್ತಿರತೈತಿ. ಅವನ ಕಟ್ಟಿದ್ದು."

"ಹಂಗಾರ ಅವನ ತೋರಿಸ್ಲಿ. ಇವತ್ತ ನಾಕ ಗಂಟೇಕ ಕರ್ಕೊಂಡ ಬರ್ತೇನಿ. ಪಂಚರ ಮುಂದ ತನ್ನ ಕೈಲೆ ಗುಂಡಿ ಇಡ್ಲಿ. ನಾನ ಹೋಗಿ ಕೆಂಪವ್ವನ ಗ್ವಾಡಿಗಿ ಕಿವಿ ಹಚ್ಚತೇನಿ. ಕೇಳಲಿಲ್ಲಂದ್ರ ಇಲ್ಲಿಂದನ ಮನಿಗಿ ಕಳಸ್ತೇನಿ." ಅವನು ಟೊಪ್ಪಿಗೆಯನ್ನು ಮತ್ತೆ ತಲೆಗೇರಿಸಿದ. "ಆದ್ರ ರೇಡಿಯೋ ಸಾಹೇಬ್ರ, ಅವನ್ನ ಬಿಟ್ರ ನನಗ ಇನ್ನೊಬ್ರು ಬೇಕು. ಐದೂ ಮುಕ್ಕಾಲದಿಂದ ಏಳರತನಾ ಈ ಮೆಟ್ಟಲಾ ಯಾರ ಹತ್ತಿದ್ರು, ಅವ್ರು. ಇಲ್ಲೀತನಾ ಅದನ್ನ ಯಾರಿಗೂ ಕೇಳಿಲ್ಲ. ಇನ್ನ ಕೇಳತೇನಿ."

"ಕೇಳ್ರಿ" ಎಂದ ಭೀಮರಾಯ. ಗೆದ್ದವನ ಕಿವಿಗೆ ಷರತ್ತು ಸಣ್ಣಗೆ ಕೇಳುತ್ತದೆ.

ಠಾಣೆಯ ಮುಂದಿನ ಬೇವಿನ ಬುಡದಲ್ಲಿ ಒಬ್ಬ ಹೆಣ್ಣುಮಗಳು ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಗಫಾರನ ಹೆಂಡತಿ ಸುಗರಾಬಿ. ಹುಕ್ಕೇರಿಯ ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋಗುತ್ತಾಳೆಂದು ಪರಪ್ಪ ಹೇಳಿದ್ದ. ಭೀಮರಾಯ ಸೈಕಲ್ ನಿಲ್ಲಿಸಿದ.

"ನಿನ್ನ ಗಂಡ ಇವತ್ತ ಸಂಜಿಕ ಮನಿಗಿ ಬಂದಾನು, ತಂಗಿ."

ಅವಳು ಮುಖವೆತ್ತಿದಳು. ಮೂರು ದಿನದ ನಿದ್ದೆಗೆಟ್ಟ ಕಣ್ಣು. ಸಂತೋಷ ಬರಲಿಲ್ಲ, ಅನುಮಾನ ಬಂತು.

"ಹೆಂಗ್ರಿ?"

ಅವನು ಪೆಟ್ಟಿಗೆಯ ಮಾತು ಹೇಳಿದ. ಅವಳು ನಡುವೆಯೇ ತಲೆಯಾಡಿಸಿದಳು.

"ಗೊತ್ತೈತ್ರಿ ಆ ಪೆಟ್ಟಿಗಿ. ಅದರ ತಂತಿ ಸುತ್ತಿದಾಕಿ ನಾನ. ಚರಕಾಕ್ಕ ಹಚ್ಚಿ ಸುತ್ತಿದ್ನಿ, ಮೂರ ದಿನಾ. ಈ ಸಲದ ಮದವಿ ಎಲ್ಲಾ ಹಂಗ ಹ್ವಾದವ್ರಿ. ಇವ್ರು ನಮ್ಮ ಸೆಟ್ಟಿನ ವಾಲ್ವು ಕಿತ್ತು ಕೇದಾರಿ ಸೆಟ್ಟಿಗಿ ಹಾಕಿದ್ರು. ಕೇಳಾಕ ಬಂದವ್ರಿಗೆಲ್ಲಾ ಮಿಶಿನ್ ಕೆಟ್ಟೈತಿ ಅಂತ ನಾ ಹೇಳಬೇಕು. ದಿನಾ ಇಲ್ಲಿ ಗೋಕಾವಿಗೆ ಬಂದು ಕುಂಡ್ರೂದು. ಮನ್ಯಾಗ ಮಾತಿಲ್ಲ, ಕತಿ ಇಲ್ಲ. ಉಣ್ಣಾಕ ಕುಂತ್ರೂ ಗುಂಡಿದ ಮಾತು."

"ಕೇದಾರಿ ಬಾರ್ಸಾಕತ್ತಿದ್ದ ಅಂತ ಗಫಾರ ಅಂದಿದ್ದು ಖರೆ ಅಂತ ಇನ್ನ ಎಲ್ಲಾರೂ ಒಪ್ತಾರ."

"ಖರೇನ ಐತ್ರಿ" ಎಂದಳು ಅವಳು. "ನಾನೂ ಕೇಳೇನಲ್ಲ."

ಭೀಮರಾಯ ಸೈಕಲ್ಲನ್ನು ಮರಕ್ಕೆ ಒರಗಿಸಿದ.

"ಯಾವಾಗ?"

"ಶುಕ್ರವಾರ. ಆರೂವರಿ ಸುಮಾರ. ಆ ಕೇದಾರಿಗಿ ನಾಕ ಮಾತ ಅಂದ ಬರಬೇಕಂತ ಬಸ್ ಹತ್ತಿ ಬಂದಿದ್ನಿ. ಇವ್ರು ಅಷ್ಟರಾಗ ಹೊಂಟಬಿಟ್ಟಿದ್ರು. ಬಾಗಲಾ ಹಾಕಿತ್ತು. ಒಳಗ ಸಣ್ಣಗ ಬಾರ್ಸಾಕತ್ತಿದ್ದ. ಹೆಣ್ಣಮಗಳೊಬ್ಬಾಕಿ ಸೆರಗ ಬಾಯಾಗ ತುರಕೊಂಡ ಅಳಾಕತ್ತಾಳ ಅನಸ್ತು. ಕಣ್ಣ ಮುಚಗೊಂಡು, ಜಗತ್ತ ಮರತು ಬಾರಸ್ತಾನ, ಇವನಿಗೇನ ಹೇಳೂದು. ಹಂಗ ಇಳದ ಬಂದ್ನಿ."

"ಪೊಲೀಸರಿಗೆ ಯಾಕ ಹೇಳಲಿಲ್ಲ?"

"ಯಾರ ಕೇಳಿದ್ರು?"

ಅದೂ ನಿಜವೇ. ಐದೂ ಮುಕ್ಕಾಲಿಗೆ ಕೇದಾರಿ ಸತ್ತ ಎಂದು ಬರೆದುಕೊಂಡವರು ಆರೂವರೆಗೆ ಬಂದವರನ್ನು ಏಕೆ ಕೇಳುತ್ತಾರೆ? ಭೀಮರಾಯನ ಎದೆ ಹಗುರಾಯಿತು. ಗುಂಡಿಯೊಂದೇ ಅಲ್ಲ, ಈಗ ಕೇಳಿದ ಕಿವಿಯೂ ಇದೆ. ಗಫಾರ ಮನೆಗೆ ಹೋಗುವ ಬಸ್ಸಿನಲ್ಲಿದ್ದಾಗ ಕೇದಾರಿ ಬದುಕಿದ್ದ, ಬಾರಿಸುತ್ತಿದ್ದ. ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ಅವನು ಒಳಗೆ ನಡೆದ.

ಠಾಣೆಯ ಲಾಕಪ್ ಕೋಣೆಯಲ್ಲಿ ಹಗಲಿಗೂ ಬಲ್ಬು ಉರಿಯುತ್ತಿತ್ತು. ಸರಳುಗಳ ಹಿಂದೆ ಗಫಾರ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ. ಮೂವತ್ತರ ಆಸುಪಾಸಿನ ಸಣಕಲ ಮನುಷ್ಯ. ಬೆಸುಗೆಯ ಬಿಸಿಗೆ ಸುಟ್ಟ ಬೆರಳ ತುದಿಗಳು ಕಂದಿ ಕಪ್ಪಾಗಿದ್ದವು.

"ನಿನ್ನ ಪೆಟ್ಟಿಗಿ ಬಿಚ್ಚಿ ನೋಡಿದ್ನೆಪ್ಪಾ."

ಗಫಾರ ತಲೆಯೆತ್ತಿದ. ಮೊದಲ ಸಲ ಅವನ ಮುಖದಲ್ಲಿ ಜೀವ ಬಂತು. "ಹೆಂಗೈತ್ರಿ?"

"ಇಂಥಾದ್ದು ನಾ ಎಲ್ಲೂ ನೋಡಿಲ್ಲ."

"ಮೊದಲನೇದು ಸುಟ್ಟಿತ್ರಿ. ಎರಡನೇದು ಗುಂಯ್ ಅಂತಿತ್ತು. ಇದು ಮೂರನೇದು." ಅವನು ಸರಳಿನ ಹತ್ತಿರ ಸರಿದು ಕುಳಿತ. "ಮೊದಲನೇ ದಿನಾ ಹಚ್ಚಿದಾಗ ಕೇದಾರಿ ಅತ್ತನ್ರಿ. ನನ್ನ ದನಿ ನನಗ ತಿರುಗಿ ಕೊಟ್ಟಿ ಅಂದ. ಫೌಜದಾರಗ ಹೇಳಬೇಕಂತ ಬಾಯಿ ತಗದಿದ್ನಿ. ಪೂರ್ತಿ ತಿರುವಿದ್ರೂ ಸಣ್ಣಗ ಬರತೈತಿ ಅಂದ್ರ ಎಲ್ಲಾರೂ ನಕ್ಕಬಿಟ್ರು. ಆಮ್ಯಾಲ ಬಾಯಿ ಬರಲಿಲ್ಲ."

"ಇನ್ನ ನಗೂದಿಲ್ಲ. ನಾಕ ಗಂಟೇಕ ಕರ್ಕೊಂಡ ಹೋಗ್ತಾರ. ಸಣ್ಣ ಗುಂಡಿ ಅವತ್ತ ಎಲ್ಲಿತ್ತೋ ಅಲ್ಲಿಟ್ಟು ತೋರಿಸು. ಕೆಂಪವ್ವಗ ಕೇಳಲಿಲ್ಲಂದ್ರ ಅಲ್ಲಿಂದನ ಬಿಡ್ತಾರ." ಭೀಮರಾಯ ಚೀಲದಿಂದ ಕಾಗದ, ಪೆನ್ನು ತೆಗೆದು ಸರಳಿನ ನಡುವೆ ಇಟ್ಟ. "ಗುಂಡಿ ತಿರುವಿ ತೋರಸಾಕ ನಾ ಒಪ್ಪೇನಿ ಅಂತ ಇದರಾಗ ಎರಡ ಸಾಲ ಬರದು ಸಹಿ ಮಾಡು."

ಗಫಾರ ಪೆನ್ನು ಕೈಗೆತ್ತಿಕೊಂಡ. ಕಾಗದವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡ.

"ಮತ್ತ ಇನ್ನೊಂದ ಐತಿ" ಎಂದ ಭೀಮರಾಯ. ಇಷ್ಟು ವರ್ಷದಲ್ಲಿ ಅವನು ಯಾರಿಗೂ ಒಳ್ಳೆಯ ಸುದ್ದಿ ಒಯ್ದವನಲ್ಲ. ಅದರ ರುಚಿ ಅವನ ನಾಲಗೆಯನ್ನು ಸಡಿಲಿಸಿತ್ತು. "ನೀ ಹೋದ ಮ್ಯಾಲೂ ಅವಾ ಬಾರ್ಸಾಕತ್ತಿದ್ದ ಅನ್ನಾಕ ಸಾಕ್ಷಿ ಸಿಕ್ಕೈತಿ. ನಿನ್ನ ಹೇಣ್ತಿನ ಕೇಳ್ಯಾಳ."

"ಯಾರು?"

"ಸುಗರಾಬಿ. ಆರೂವರಿಗೆ ಮ್ಯಾಲ ಹತ್ತಿದ್ಲಂತ, ಬೈಯಾಕ."

ಪೆನ್ನು ಕಾಗದದ ಮೇಲೆ ನಿಂತಿತು.

"ಶುಕ್ರವಾರ? ಗೋಕಾವಿಗೆ?"

"ನಿನಗ ಹೇಳಿಲ್ಲೇನು?"

"ಹೇಳ್ಯಾಳ" ಎಂದ ಗಫಾರ, ತಡೆದು. ಮತ್ತೆ, "ಹೇಳ್ಯಾಳ್ರಿ" ಎಂದ. ಅವಳು ಹೇಳಿರಲಿಲ್ಲವೆಂದು ಆ ಎರಡನೆಯ ಮಾತೇ ಹೇಳಿತು.

"ಬಾಗಲಾ ಹಾಕಿತ್ತು ಅಂದ್ಲು. ಹೊರಗ ನಿಂತು ಕೇಳಿ ಇಳದ ಬಂದ್ಲಂತ. ಕಣ್ಣ ಮುಚಗೊಂಡು ಜಗತ್ತ ಮರತು ಬಾರ್ಸಾಕತ್ತಿದ್ದ, ಅಂಥಾವಗ ಏನ್ ಹೇಳೂದು ಅಂತ."

ಗಫಾರ ಬಹಳ ಮೆಲ್ಲಗೆ ಕೇಳಿದ: "ಕಣ್ಣ ಮುಚಗೊಂಡು ಅಂದ್ಲೇನ್ರಿ?"

ಬಾಗಿಲು ಹಾಕಿತ್ತು. ಕಣ್ಣು ಮುಚ್ಚಿದ್ದ. ಎರಡನ್ನೂ ಭೀಮರಾಯ ಬೇವಿನ ಬುಡದಲ್ಲಿ ಕೇಳಿದ್ದ, ಎರಡನ್ನೂ ಈಗ ತನ್ನ ಬಾಯಿಂದಲೇ ಆಡಿದ್ದ. ಆ ಕೋಣೆಯ ಬಾಗಿಲು ತೇಗದ್ದು. ಅದರಲ್ಲಿ ಬಿರುಕಿರಲಿಲ್ಲ, ಬೆಳಿಗ್ಗೆ ತಾನೇ ಕೈಯಾಡಿಸಿ ನೋಡಿದ್ದ.

"ಹಿಂದ ಯಾವಾಗರ ಆಕಿ ಅವನು ಬಾರ್ಸೂದ ನೋಡಿದ್ಲೇನು, ಗಫಾರ? ನಿನ್ನ ಸಂಗಾಟ ಬಂದು?"

ಹೊರಗೆ ಗಿರಣಿಯ ಭೋಂಗಾ ಕೂಗಿತು. ಅದು ನಿಲ್ಲುವ ತನಕ ಗಫಾರ ಕಾಗದವನ್ನೇ ನೋಡುತ್ತಿದ್ದ.

"ನಾ ಬಿಡುಗಡಿ ಆದ್ರ" ಎಂದ, "ಮೆಟ್ಟಲಾ ಯಾರ ಹತ್ತಿದ್ರು ಅಂತ ಕೇಳ್ತಾರೇನ್ರಿ?"

"ಕೇಳ್ತಾರ."

"ನೀವೂ ಹೇಳಬೇಕಾಗತೈತಿ."

"ಹೇಳಬೇಕಾಗತೈತಿ."

ಗಫಾರ ಪೆನ್ನಿಗೆ ಮುಚ್ಚಳ ಹಾಕಿದ. ಕಾಗದವನ್ನು ಎರಡು ಮಡಿಕೆ ಮಾಡಿದ. ಎರಡನ್ನೂ ಸರಳುಗಳ ನಡುವಿನಿಂದ ಈಚೆಗೆ ತಳ್ಳಿದ.

"ನಾಳೆ ಹತ್ತಕ್ಕ ಗಾಡಿ ಬರತೈತಿ" ಎಂದ ಭೀಮರಾಯ. ದನಿ ಅವನಿಗೇ ಬೇರೆಯವರದೆನಿಸಿತು. "ಒಮ್ಮಿ ಹ್ವಾದ್ರ ತಿರುಗಿ ತರೂದು ನನ್ನ ಕೈಯಾಗ ಇಲ್ಲ. ನಿನ್ನ ಕುತಗಿ ಐತಿ ಇದು, ತಿಳಕೋ. ಒಂದ ಗುಂಡಿ, ತಿರುವಿ ತೋರಿಸಿದ್ರ ಮುಗೀತು. ಆಕಿದು ಆಮ್ಯಾಲ ನೋಡೂಣು. ಆಕಿ ಏನೂ ಮಾಡಿರಲಿಕ್ಕಿಲ್ಲ."

"ಮಾಡಿರಲಿಕ್ಕಿಲ್ಲ" ಎಂದ ಗಫಾರ.

"ಮತ್ತ ಬಾ. ತೋರಿಸು."

"ಒಲ್ಲೆನ್ರಿ. ಅವತ್ತ ಕೇದಾರಿ ಬಾರ್ಸಾಕತ್ತಿರ್ಲಿಲ್ಲ."